ಉಪಗ್ರಹವಿರುವಾಗ ಬೀದಿಯಲ್ಲಿ ಕಾರು ಏಕೆ? ಮೊಬೈಲ್ ಮ್ಯಾಪಿಂಗ್, ದೂರಸಂವೇದಿ ಮತ್ತು ನಮ್ಮ ಹೊಲದ ಗಡಿ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಪುಟ್ಟ ಪಟ್ಟಣವೊಂದರಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕ. ಇತ್ತೀಚೆಗೆ ನಮ್ಮ ಬೀದಿಗಳಲ್ಲಿ, ಚಾವಣಿಯ ಮೇಲೆ ಹಲವು ಕ್ಯಾಮೆರಾಗಳನ್ನೂ ಸದಾ ತಿರುಗುತ್ತಿರುವ ಒಂದು ಉಪಕರಣವನ್ನೂ ಹೊತ್ತ ಕಾರೊಂದು ಓಡಾಡಿತು. ನಕ್ಷೆ ತಯಾರಿಸಲು ಬಂದಿದ್ದೇವೆ ಎಂದು ಅದರಲ್ಲಿದ್ದವರು ಹೇಳಿದರು. ಒಂದು ಅಡಿಯ ವಸ್ತುವನ್ನೂ ಉಪಗ್ರಹಗಳು ಆಕಾಶದಿಂದಲೇ ಗುರುತಿಸುತ್ತವೆ ಎನ್ನುವಾಗ, ಬೀದಿ ಬೀದಿ ಸುತ್ತುವ ಈ ಖರ್ಚು ಏಕೆ? ಇನ್ನೊಂದು ವಿಷಯ: ಸರ್ವೆ ನಂಬರ್ ತೋರಿಸುವ ಮೊಬೈಲ್ ಆ್ಯಪ್‌ನಲ್ಲಿ ನಮ್ಮ ತೋಟದ ಗಡಿ ಪಕ್ಕದವರ ತೆಂಗಿನ ಸಾಲಿನೊಳಗೆ ಹೋಗಿ ನಿಲ್ಲುತ್ತದೆ, ಉಪಗ್ರಹ ಚಿತ್ರದಲ್ಲಿ ಬೇಲಿ ಮತ್ತೆಲ್ಲೋ ಕಾಣುತ್ತದೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಕೊನೆಯದಾಗಿ, ನಮ್ಮ ಪುರಸಭೆಯವರು ಚರಂಡಿಗಳ ನಕ್ಷೆ ಮಾಡಿಸುವ ಆಲೋಚನೆಯಲ್ಲಿದ್ದಾರೆ. ಅದಕ್ಕೆ ಉಪಗ್ರಹ, ಡ್ರೋನ್, ಕಾರು ಇವುಗಳಲ್ಲಿ ಯಾವುದು ತಕ್ಕದ್ದು?

ಉತ್ತರ: ಮಾನ್ಯರೇ, ತಮ್ಮ ಮೂರು ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ಒಂದು ಚಿತ್ರದಲ್ಲಿ ವಸ್ತು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಒಂದು ವಿಷಯ. ಆ ವಸ್ತು ಭೂಮಿಯ ಮೇಲೆ ಎಲ್ಲಿದೆ ಎಂದು ಆ ಚಿತ್ರ ಎಷ್ಟು ಸರಿಯಾಗಿ ಹೇಳುತ್ತದೆ ಎಂಬುದು ಇನ್ನೊಂದು. ಅತ್ಯಂತ ಸ್ಪಷ್ಟವಾದ ಚಿತ್ರವೊಂದು ತನ್ನ ನಿಜವಾದ ಸ್ಥಾನದಿಂದ ಐದು ಮೀಟರ್ ಆಚೆಗೆ ಕುಳಿತಿರಬಹುದು, ಮಸುಕಾದ ಚಿತ್ರವೊಂದು ಸರಿಯಾದ ಜಾಗದಲ್ಲೇ ಇರಬಹುದು. ಸ್ಪಷ್ಟತೆ ಕಣ್ಣಿಗೆ ತಾನಾಗಿಯೇ ಕಾಣುತ್ತದೆ. ಸ್ಥಾನದ ನಿಖರತೆ ಹಾಗೆ ಕಾಣುವುದಿಲ್ಲ, ಅದನ್ನು ಬೇರೊಂದು ಅಳತೆಯಿಂದ ಪರೀಕ್ಷಿಸಿಯೇ ತಿಳಿಯಬೇಕು. ನಕ್ಷೆಗಳ ಬಗ್ಗೆ ನಮ್ಮಲ್ಲಿ ಹುಟ್ಟುವ ಜಗಳಗಳಲ್ಲಿ ಬಹುಪಾಲು ಈ ಎರಡನ್ನು ಒಂದೆಂದು ತಿಳಿಯುವುದರಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಉಪಗ್ರಹದ ಶಕ್ತಿಯನ್ನು ನೋಡೋಣ, ಏಕೆಂದರೆ ಅದನ್ನು ಕಡಿಮೆ ಎಣಿಸುವುದು ಸಲ್ಲದು. ನಮ್ಮ ದೇಶದ ಮೊದಲ ದೂರಸಂವೇದಿ (ದೂರದಿಂದಲೇ ನೆಲವನ್ನು ನೋಡಿ ಅಳೆಯುವ) ಉಪಗ್ರಹ ಸರಣಿಯ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಬೈಕನೂರಿನಿಂದ ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದರಲ್ಲಿದ್ದ ಕ್ಯಾಮೆರಾಗಳ ಪೈಕಿ ಹೆಚ್ಚು ಸೂಕ್ಷ್ಮವಾದದ್ದರ ಒಂದು ಪಿಕ್ಸೆಲ್ ನೆಲದ ಮೇಲೆ 36.25 ಮೀಟರ್ ಚೌಕವನ್ನು ಆವರಿಸುತ್ತಿತ್ತು, ಅಂದರೆ ಸುಮಾರು ಹದಿಮೂರು ಗುಂಟೆ. ಅಷ್ಟು ಜಾಗದಲ್ಲಿ ಏನೇ ಇದ್ದರೂ ಅದು ಒಂದೇ ಚುಕ್ಕೆಯಾಗಿ ಬರುತ್ತಿತ್ತು. ಇಂದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಎಲ್ಲರಿಗೂ ಉಚಿತವಾಗಿ ಒದಗಿಸುವ ಚಿತ್ರದಲ್ಲಿ ಪಿಕ್ಸೆಲ್ ಹತ್ತು ಮೀಟರಿನದು. ಹೆಚ್ಚುಕಡಿಮೆ ಒಂದು ಗುಂಟೆಗೆ ಒಂದು ಚುಕ್ಕೆ. 2019ರ ನವೆಂಬರ್ 27ರಂದು ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-3ರ ಕಪ್ಪುಬಿಳುಪು ಚಿತ್ರದಲ್ಲಿ ಪಿಕ್ಸೆಲ್ ಸುಮಾರು 25 ಸೆಂಟಿಮೀಟರಿಗೆ ಇಳಿದಿದೆ. ತಾವು ಕೇಳಿರುವ ಒಂದಡಿಯ ಮಾತು ಬಂದಿರುವುದು ಇಂಥ ಉಪಗ್ರಹಗಳಿಂದಲೇ. ಆದರೆ ಒಂದಡಿಯ ಪಿಕ್ಸೆಲ್ ಎಂದರೆ ಒಂದಡಿಯ ವಸ್ತುವನ್ನು ಗುರುತಿಸಬಹುದು ಎಂದಲ್ಲ. ಒಂದು ವಸ್ತು ಇಂಥದ್ದೇ ಎಂದು ಹೇಳಲು ಅದರ ಮೇಲೆ ಹಲವು ಪಿಕ್ಸೆಲ್‌ಗಳು ಬೀಳಬೇಕು. ಆ ಚಿತ್ರದಲ್ಲಿ ಕಾರನ್ನು ಗುರುತಿಸಬಹುದು, ಮ್ಯಾನ್‌ಹೋಲಿನ ಮುಚ್ಚಳ ತೆರೆದಿದೆಯೋ ಮುಚ್ಚಿದೆಯೋ ಎಂದು ಹೇಳಲಾಗದು.

ಉಪಗ್ರಹದ ನಿಜವಾದ ಬಲ ಇರುವುದು ಮತ್ತೆರಡು ಕಡೆ. ಮೊದಲನೆಯದು, ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಅದು ಅಳೆಯುತ್ತದೆ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಅದರಾಚೆಗಿನ ಸಮೀಪದ ಅವಕೆಂಪು (ಇನ್ಫ್ರಾರೆಡ್) ಕಿರಣಗಳನ್ನು ಬಲವಾಗಿ ಹಿಂದಕ್ಕೆ ಚಿಮ್ಮಿಸುತ್ತದೆ. ಈ ಎರಡರ ಅನುಪಾತದಿಂದ ಬೆಳೆಯ ಸ್ಥಿತಿಯನ್ನು ಅಂದಾಜು ಮಾಡಬಹುದು. 1970ರಲ್ಲಿ ವಿಜ್ಞಾನಿ ಪಿ. ಆರ್. ಪಿಷಾರಟಿಯವರು ಕೇರಳದ ತೆಂಗಿನ ತೋಟಗಳ ಬೇರುರೋಗವನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರಿಸಿ ಪರಿಶೀಲಿಸಿದ್ದು ನಮ್ಮ ದೇಶದ ದೂರಸಂವೇದಿಯ ಆರಂಭದ ಪ್ರಯೋಗ. ಅದು ನೆಲೆನಿಂತದ್ದು ಇದೇ ತತ್ತ್ವದ ಮೇಲೆ. ಎರಡನೆಯದು, ಉಪಗ್ರಹ ಅದೇ ಜಾಗಕ್ಕೆ ಮತ್ತೆ ಮತ್ತೆ ಮರಳುತ್ತದೆ. 1972ರ ಜುಲೈನಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಹಾರಿದಂದಿನಿಂದ ಸಂಗ್ರಹವಾಗುತ್ತ ಬಂದಿರುವ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿವೆ. ಒಂದು ಕೆರೆಯ ಅಂಗಳ ಐವತ್ತು ವರ್ಷಗಳಲ್ಲಿ ಹೇಗೆ ಕುಗ್ಗಿತು ಎಂಬುದನ್ನು ತೋರಿಸಲು ಇಂದು ಹೊರಡುವ ಯಾವ ಕಾರಿಗೂ ಸಾಧ್ಯವಿಲ್ಲ.

ಇಷ್ಟು ಹೇಳಿದ ಮೇಲೆ ಅದರ ಮಿತಿಗಳನ್ನೂ ಹೇಳಬೇಕು. ಉಪಗ್ರಹ ನೋಡುವುದು ಮೇಲಿನಿಂದ. ಹಾಗಾಗಿ ಅದಕ್ಕೆ ಕಾಣುವುದು ಮನೆಯ ತಾರಸಿ. ಗೋಡೆಯಲ್ಲ, ಬಾಗಿಲ ಸಂಖ್ಯೆಯಲ್ಲ, ಅಂಗಡಿಯ ಫಲಕವಲ್ಲ. ಹೊಂಗೆಯೋ ಆಲವೋ ಹರಡಿಕೊಂಡಿರುವ ರಸ್ತೆ ಅದರ ಪಾಲಿಗೆ ಹಸಿರು ಚಪ್ಪರ ಮಾತ್ರ. ಮಳೆಗಾಲದಲ್ಲಿ ಮಲೆನಾಡಿನ ಮೇಲೆ ತಿಂಗಳುಗಟ್ಟಲೆ ಮೋಡ ಕವಿದಿರುವಾಗ ಬೆಳಕಿನ ಕ್ಯಾಮೆರಾಗಳಿಗೆ ಮೋಡವಲ್ಲದೆ ಬೇರೇನೂ ಸಿಗುವುದಿಲ್ಲ. ಆಗ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ಇಸ್ರೋ ಮತ್ತು ನಾಸಾಗಳ ಜಂಟಿ ಉಪಗ್ರಹ ನೈಸಾರ್ನಂಥ, ಮೋಡವನ್ನು ತೂರಿ ನೋಡಬಲ್ಲ ರೇಡಾರ್ ಉಪಗ್ರಹಗಳನ್ನೇ ಆಶ್ರಯಿಸಬೇಕು. ರೇಡಾರ್ ಚಿತ್ರದಿಂದ ನೆರೆ ನಿಂತ ಪ್ರದೇಶವನ್ನೂ ನೆಲದ ಸೂಕ್ಷ್ಮ ಕುಸಿತವನ್ನೂ ಅಳೆಯಬಹುದು. ಬೀದಿಯ ವಿವರಗಳಿಗೆ ಅದು ಉಪಯೋಗವಾಗದು.

ಇನ್ನು ಸ್ಥಾನದ ಪ್ರಶ್ನೆ. ಉಪಗ್ರಹ ತೆಗೆದ ಚಿತ್ರವನ್ನು ಭೂಮಿಯ ಮೇಲೆ ಕೂರಿಸಲು, ಆ ಕ್ಷಣದಲ್ಲಿ ಉಪಗ್ರಹ ಎಲ್ಲಿತ್ತು, ಅದರ ಕಣ್ಣು ಯಾವ ಕೋನದಲ್ಲಿ ನೆಟ್ಟಿತ್ತು ಎಂಬ ಲೆಕ್ಕ ಬೇಕು. ಐನೂರು ಕಿಲೋಮೀಟರ್ ಎತ್ತರದಿಂದ ನೋಡುವಾಗ, ಕೋನದಲ್ಲಿ ಒಂದು ಡಿಗ್ರಿಯ ಸಾವಿರದ ಒಂದು ಭಾಗದಷ್ಟು ತಪ್ಪಾದರೂ ನೆಲದ ಮೇಲೆ ಸುಮಾರು ಒಂಬತ್ತು ಮೀಟರ್ ಸರಿಯುತ್ತದೆ. ಜೊತೆಗೆ ಉಪಗ್ರಹ ಬಹುಪಾಲು ಸಲ ನೆತ್ತಿಯ ಮೇಲಿನಿಂದ ನೇರವಾಗಿ ನೋಡದೆ ಓರೆಯಾಗಿ ನೋಡುತ್ತದೆ. ಇಪ್ಪತ್ತು ಡಿಗ್ರಿ ಓರೆಯಾಗಿ ತೆಗೆದ ಚಿತ್ರದಲ್ಲಿ ಹದಿನೈದು ಮೀಟರ್ ಎತ್ತರದ ಕಟ್ಟಡದ ತಾರಸಿ ಅದರ ಪಾಯದಿಂದ ಐದು ಮೀಟರಿಗೂ ಹೆಚ್ಚು ದೂರದಲ್ಲಿ ಬಿದ್ದಿರುತ್ತದೆ. ಬೆಟ್ಟಗುಡ್ಡಗಳಿರುವಲ್ಲಿ ಇಡೀ ನೆಲವೇ ಹೀಗೆ ಸರಿಯುತ್ತದೆ. ನೆಲದ ಏರಿಳಿತದ ಮಾದರಿ ಮತ್ತು ನೆಲದ ಮೇಲೆ ಖಚಿತವಾಗಿ ಅಳೆದ ನಿಯಂತ್ರಣ ಬಿಂದುಗಳು ಎರಡೂ ಇದ್ದರೆ ಈ ದೋಷವನ್ನು ಬಹುಮಟ್ಟಿಗೆ ತಿದ್ದಬಹುದು. ಅಂತರ್ಜಾಲದಲ್ಲಿ ನಾವು ನೋಡುವ ಉಪಗ್ರಹ ನಕ್ಷೆಗಳು ಬೇರೆ ಬೇರೆ ದಿನ, ಬೇರೆ ಬೇರೆ ಕೋನಗಳಲ್ಲಿ ತೆಗೆದ ಚಿತ್ರಗಳ ಜೋಡಣೆ. ಅವುಗಳಲ್ಲಿ ಕೆಲವು ಮೀಟರುಗಳ ಪಲ್ಲಟ ಇರುವುದು ಸಾಮಾನ್ಯ, ಅದು ಊರಿಂದೂರಿಗೆ ಬದಲಾಗುವುದೂ ಸಾಮಾನ್ಯ.

ಈಗ ತಾವು ಕಂಡ ಕಾರಿನ ಕಡೆಗೆ ಬರೋಣ. ಹೀಗೆ ಓಡುವ ವಾಹನದಿಂದಲೇ ಅಳೆದು ನಕ್ಷೆ ಮಾಡುವುದಕ್ಕೆ ಮೊಬೈಲ್ ಮ್ಯಾಪಿಂಗ್ ಎಂದು ಹೆಸರು. ಅದರ ಮೇಲೆ ತಿರುಗುತ್ತಿದ್ದದ್ದು ಬಹುಶಃ ಲೈಡಾರ್ ಎಂಬ ಲೇಸರ್ ಮಾಪಕ. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತಗಳನ್ನು ಸುತ್ತಲೂ ಚಿಮ್ಮಿಸಿ, ಪ್ರತಿಯೊಂದೂ ಗೋಡೆಗೋ ಕಂಬಕ್ಕೋ ರಸ್ತೆಗೋ ತಾಗಿ ಮರಳಲು ತೆಗೆದುಕೊಂಡ ಸಮಯವನ್ನು ಅಳೆಯುತ್ತದೆ. ಬೆಳಕು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಹೋಗಿ ಬರುವ ದಾರಿ ಎರಡು ಪಟ್ಟಾದ್ದರಿಂದ, ದೂರವನ್ನು ಒಂದೂವರೆ ಸೆಂಟಿಮೀಟರಿನ ಮಟ್ಟಿಗೆ ತಿಳಿಯಬೇಕಾದರೆ ಆ ಸಣ್ಣ ಕಾಲದ ಹತ್ತನೆಯ ಒಂದು ಭಾಗವನ್ನು ಅಳೆಯಬೇಕು. ಇಂದಿನ ಉಪಕರಣಗಳು ಇದನ್ನು ಸಲೀಸಾಗಿ ಮಾಡುತ್ತವೆ. ಹೀಗೆ ಒಂದು ಬೀದಿಯನ್ನು ದಾಟುವಷ್ಟರಲ್ಲಿ ಕೋಟಿಗಟ್ಟಲೆ ಬಿಂದುಗಳು ಸಂಗ್ರಹವಾಗುತ್ತವೆ. ಇದನ್ನು ವೃತ್ತಿಯವರು ಪಾಯಿಂಟ್ ಕ್ಲೌಡ್ ಎನ್ನುತ್ತಾರೆ. ಜೊತೆಗಿರುವ ಕ್ಯಾಮೆರಾಗಳು ಅವಕ್ಕೆ ಬಣ್ಣವನ್ನೂ ಓದಬಲ್ಲ ವಿವರವನ್ನೂ ಕೊಡುತ್ತವೆ.

ದೂರ ಅಳೆಯುವುದು ಈ ಕೆಲಸದ ಸುಲಭದ ಭಾಗ. ಕಷ್ಟವಿರುವುದು, ಆ ಮಿಡಿತ ಹೊರಟ ಕ್ಷಣದಲ್ಲಿ ಕಾರು ಎಲ್ಲಿತ್ತು, ಯಾವ ಕಡೆಗೆ ಎಷ್ಟು ವಾಲಿತ್ತು ಎಂದು ಹೇಳುವುದರಲ್ಲಿ. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹತ್ತು ಮೀಟರ್. ಸೆಕೆಂಡಿಗೆ ಹತ್ತು ಸಲ ಸ್ಥಾನ ಹೇಳುವ ಜಿಪಿಎಸ್ ಗ್ರಾಹಕವಿದ್ದರೂ ಎರಡು ಸಲಗಳ ನಡುವೆ ಕಾರು ಒಂದು ಮೀಟರ್ ಮುಂದೆ ಹೋಗಿರುತ್ತದೆ, ಅಷ್ಟರಲ್ಲಿ ಸಾವಿರಾರು ಮಿಡಿತಗಳು ಹೊರಟಿರುತ್ತವೆ. ರಸ್ತೆಯ ಒಂದು ಹಳ್ಳಕ್ಕೆ ಚಕ್ರ ಇಳಿದರೆ ಚಾವಣಿಯ ಮೇಲಿನ ಉಪಕರಣ ಒಂದು ಕಡೆಗೆ ತೊನೆಯುತ್ತದೆ. ಐವತ್ತು ಮೀಟರ್ ದೂರದ ಗೋಡೆಯನ್ನು ಅಳೆಯುವಾಗ ವಾಲಿಕೆಯ ಲೆಕ್ಕದಲ್ಲಿ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗ ತಪ್ಪಿದರೂ ಗೋಡೆ ಒಂಬತ್ತು ಸೆಂಟಿಮೀಟರಿನಷ್ಟು ಆಚೀಚೆ ಹೋಗುತ್ತದೆ.

ಈ ಸಮಸ್ಯೆಗೆ ಪರಿಹಾರವಾಗಿ ಮೂರು ಉಪಕರಣಗಳು ಒಟ್ಟಿಗೆ ದುಡಿಯುತ್ತವೆ. ಉಪಗ್ರಹ ಸಂಚರಣೆಯ ಗ್ರಾಹಕವು ಅಮೆರಿಕದ ಜಿಪಿಎಸ್‌ನೊಂದಿಗೆ ರಷ್ಯಾ, ಯುರೋಪು, ಚೀನಾಗಳ ವ್ಯವಸ್ಥೆಗಳನ್ನೂ, ಕೆಲವು ಉಪಕರಣಗಳಲ್ಲಿ ನಮ್ಮ ನಾವಿಕ್ ಅನ್ನೂ ಬಳಸುತ್ತದೆ. ಅದು ಸಂಕೇತದ ಸಂದೇಶವನ್ನಷ್ಟೇ ಕೇಳದೆ, ಆ ಸಂಕೇತವನ್ನು ಹೊತ್ತು ತರುವ ಸುಮಾರು 19 ಸೆಂಟಿಮೀಟರ್ ಉದ್ದದ ಅಲೆಗಳನ್ನೇ ಎಣಿಸುತ್ತದೆ. ಹತ್ತಿರದಲ್ಲಿ, ಸ್ಥಾನ ಮೊದಲೇ ತಿಳಿದಿರುವ ಒಂದು ಬೇಸ್ ಸ್ಟೇಷನ್ ಅದೇ ಸಂಕೇತಗಳನ್ನು ಕೇಳಿ ದಾಖಲಿಸುತ್ತಿದ್ದರೆ, ಎರಡನ್ನೂ ಹೋಲಿಸಿ ವಾತಾವರಣದಿಂದಾಗುವ ದೋಷಗಳನ್ನು ಕಳೆದು ಸೆಂಟಿಮೀಟರಿನ ಮಟ್ಟಕ್ಕೆ ಬರಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆ ಕರ್ನಾಟಕವೂ ಸೇರಿದಂತೆ ದೇಶದಲ್ಲಿ ಸ್ಥಾಪಿಸಿರುವ, ಕಾರ್ಸ್ ಎಂದು ಕರೆಯಲಾಗುವ ಶಾಶ್ವತ ಕೇಂದ್ರಗಳ ಜಾಲ ಈ ಕೆಲಸಕ್ಕೇ ಇರುವುದು. ಎರಡನೆಯ ಉಪಕರಣ ಜಡತ್ವ ಮಾಪಕ: ಮೂರು ದಿಕ್ಕುಗಳ ವೇಗೋತ್ಕರ್ಷವನ್ನೂ ಮೂರು ಅಕ್ಷಗಳ ಸುತ್ತಲಿನ ತಿರುಗುವಿಕೆಯನ್ನೂ ಸೆಕೆಂಡಿಗೆ ನೂರಾರು ಸಲ ಅಳೆಯುತ್ತದೆ. ಮೂರನೆಯದು ಚಕ್ರಕ್ಕೆ ಕಟ್ಟಿದ, ಸುತ್ತುಗಳನ್ನು ಎಣಿಸುವ ಮಾಪಕ.

ಜಡತ್ವ ಮಾಪಕವನ್ನು ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುತ್ತ ಮನೆಗೆ ನಡೆಯುವವನಿಗೆ ಹೋಲಿಸಬಹುದು. ಮೊದಲ ಹತ್ತು ಹೆಜ್ಜೆ ಬಹಳ ಸರಿಯಾಗಿರುತ್ತದೆ, ಆಮೇಲೆ ಪ್ರತಿ ಹೆಜ್ಜೆಯ ತಪ್ಪೂ ಹಿಂದಿನದಕ್ಕೆ ಸೇರುತ್ತ ಹೋಗುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ವೇಗೋತ್ಕರ್ಷದ ಅಳತೆಯಲ್ಲಿ ಸೆಕೆಂಡ್ ವರ್ಗಕ್ಕೆ ಒಂದು ಮಿಲಿಮೀಟರಿನಷ್ಟು ಸಣ್ಣ ತಪ್ಪಿದ್ದರೆ ಹತ್ತು ಸೆಕೆಂಡಿನಲ್ಲಿ ಸ್ಥಾನ ಐದು ಸೆಂಟಿಮೀಟರ್ ತಪ್ಪುತ್ತದೆ. ಒಂದು ನಿಮಿಷದಲ್ಲಿ ಅದೇ ತಪ್ಪು 1.8 ಮೀಟರಿಗೆ ಬೆಳೆಯುತ್ತದೆ. ಜಿಪಿಎಸ್‌ನ ಗುಣ ಇದಕ್ಕೆ ವಿರುದ್ಧ. ಕ್ಷಣಕ್ಷಣಕ್ಕೆ ಅದು ಅತ್ತಿತ್ತ ತುಯ್ದಾಡಬಹುದು, ಆದರೆ ಕಾಲ ಕಳೆದಂತೆ ತಪ್ಪು ಬೆಳೆಯುವುದಿಲ್ಲ. ಒಂದರ ಬಲ ಇನ್ನೊಂದರ ದೌರ್ಬಲ್ಯವನ್ನು ಮುಚ್ಚುವಂತೆ ಎರಡನ್ನೂ ಬೆಸೆಯುವ ಗಣಿತಕ್ಕೆ ಕಾಲ್ಮನ್ ಫಿಲ್ಟರ್ ಎಂದು ಹೆಸರು. ಕಚೇರಿಗೆ ಮರಳಿದ ಮೇಲೆ ಇಡೀ ಪಯಣದ ದತ್ತಾಂಶವನ್ನು ಆರಂಭದಿಂದ ಕೊನೆಗೂ, ಕೊನೆಯಿಂದ ಆರಂಭಕ್ಕೂ ಎರಡು ಸಲ ಲೆಕ್ಕ ಹಾಕಿ ಸಮನ್ವಯಗೊಳಿಸುತ್ತಾರೆ. ಮೊಬೈಲ್ ಮ್ಯಾಪಿಂಗ್‌ನ ಹೃದಯವಿರುವುದು ಈ ಲೆಕ್ಕದಲ್ಲಿ. 1990ರ ದಶಕದ ಆರಂಭದಲ್ಲಿ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದವರು ಜಿಪಿಎಸ್ ಮತ್ತು ಜೋಡಿ ಕ್ಯಾಮೆರಾ ಕಟ್ಟಿದ ವ್ಯಾನನ್ನು ರಸ್ತೆಗಿಳಿಸಿದಾಗಲೂ, ಆಮೇಲೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಕ್ಲಾಸ್-ಪೀಟರ್ ಶ್ವಾರ್ಟ್ಸ್ ಮತ್ತು ನಾಸರ್ ಎಲ್-ಶೇಮಿ ಅವರ ತಂಡ ಜಡತ್ವ ಮಾಪಕವನ್ನು ಅದರೊಂದಿಗೆ ಬೆಸೆದಾಗಲೂ ಬಿಡಿಸಬೇಕಿದ್ದ ಕಗ್ಗಂಟು ಇದೇ ಆಗಿತ್ತು. ಲೇಸರ್ ಮಾಪಕ ಆಮೇಲೆ ಬಂದು ಸೇರಿಕೊಂಡಿತು.

ಹಾಗೆಂದು ಕಾರು ತಂದದ್ದೆಲ್ಲ ಸತ್ಯವೆಂದು ತಿಳಿಯಬಾರದು. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಿನ ಬೀದಿಯಲ್ಲಿ ಜಿಪಿಎಸ್ ಸಂಕೇತ ಗೋಡೆಗೆ ಬಡಿದು ಸುತ್ತಿಕೊಂಡು ಬರುತ್ತದೆ, ಗ್ರಾಹಕ ಮೋಸಹೋಗುತ್ತದೆ. ಸೇತುವೆಯ ಕೆಳಗೆ, ಸುರಂಗದಲ್ಲಿ, ದಟ್ಟವಾದ ಮರಗಳ ಸಾಲಿನಲ್ಲಿ ಸಂಕೇತ ಕಡಿಯುತ್ತದೆ. ಕಾಂತೀಯ ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ದಕ್ಷಿಣ ಭಾರತದ ಮೇಲೆ ಅಯಾನುಮಂಡಲ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶಭರಿತ ಪದರ, ಹೆಚ್ಚು ಅಶಾಂತವಾಗಿರುವುದರಿಂದ, ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ ಸಂಜೆಯ ಹೊತ್ತು ಸಂಕೇತಗಳು ಮಿನುಗಿ ಕಡಿದುಹೋಗುವುದೂ ಉಂಟು. ಅನುಭವಸ್ಥ ತಂಡ ಇದನ್ನೆಲ್ಲ ಮೊದಲೇ ಎಣಿಸಿಕೊಂಡು, ಒಂದೇ ಬೀದಿಯನ್ನು ಎರಡೂ ದಿಕ್ಕಿನಿಂದ ಓಡಿ ಎರಡು ಸಲದ ಗೋಡೆಗಳು ಒಂದರ ಮೇಲೊಂದು ಕೂರುತ್ತವೆಯೇ ಎಂದು ನೋಡುತ್ತದೆ. ರಸ್ತೆಯ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಅವುಗಳ ಸ್ಥಾನವನ್ನು ಟೋಟಲ್ ಸ್ಟೇಷನ್ (ಮುಕ್ಕಾಲಿಯ ಮೇಲಿಟ್ಟು ಕೋನ, ದೂರಗಳನ್ನು ಅಳೆಯುವ ಸರ್ವೆ ಉಪಕರಣ) ಅಥವಾ ನಿಂತು ಅಳೆಯುವ ಗ್ರಾಹಕದಿಂದ ಬೇರೆಯಾಗಿ ಅಳೆದು ತಾಳೆ ನೋಡುತ್ತದೆ. ತಾವು ಕಂಡ ಕಾರು ಒಂದೇ ಬೀದಿಗೆ ಮತ್ತೆ ಮತ್ತೆ ಬಂದಿದ್ದರೆ ಅದನ್ನು ವೃಥಾ ಅಲೆದಾಟವೆಂದು ಎಣಿಸಬೇಡಿ. ಅದು ಒಳ್ಳೆಯ ಕೆಲಸದ ಲಕ್ಷಣ.

ಇಂಥ ಕಾರುಗಳು ಈಚೆಗೆ ಹೆಚ್ಚಾಗಿ ಕಾಣಿಸಲು ಕಾನೂನಿನ ಬದಲಾವಣೆಯೂ ಕಾರಣ. ಗೂಗಲ್ ಸಂಸ್ಥೆ 2011ರಲ್ಲಿ ಬೆಂಗಳೂರಿನಲ್ಲಿ ಬೀದಿ ಚಿತ್ರಣ ಆರಂಭಿಸಿದಾಗ ಭದ್ರತೆಯ ಕಾರಣಕ್ಕೆ ಪೊಲೀಸರು ಅದನ್ನು ಕೆಲವೇ ವಾರಗಳಲ್ಲಿ ನಿಲ್ಲಿಸಿದ್ದರು. 2021ರ ಫೆಬ್ರವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ, ನಕ್ಷೆ ತಯಾರಿಕೆಯ ಮಾರ್ಗಸೂಚಿಗಳು ಭಾರತೀಯ ಸಂಸ್ಥೆಗಳಿಗೆ ಪೂರ್ವಾನುಮತಿಯ ತೊಡಕನ್ನು ಬಹುಮಟ್ಟಿಗೆ ತೆಗೆದುಹಾಕಿದವು. ಆದರೆ ನೆಲದ ಮೇಲಿನ ಮೊಬೈಲ್ ಮ್ಯಾಪಿಂಗ್ ಮತ್ತು ಬೀದಿ ಚಿತ್ರಣವನ್ನು ಭಾರತೀಯ ಸಂಸ್ಥೆಗಳೇ ಮಾಡಬೇಕು ಎಂದು ಅವು ವಿಧಿಸಿವೆ. ಒಂದು ಮೀಟರಿಗಿಂತ ಸೂಕ್ಷ್ಮವಾದ ದತ್ತಾಂಶ ದೇಶದೊಳಗೇ ಉಳಿಯಬೇಕು. 2022ರ ಜುಲೈನಲ್ಲಿ ಬೆಂಗಳೂರು ಸೇರಿದಂತೆ ಹತ್ತು ನಗರಗಳಲ್ಲಿ ಗೂಗಲ್‌ನ ಬೀದಿ ನೋಟ ಮರಳಿ ಬಂದದ್ದು ಜೆನೆಸಿಸ್ ಇಂಟರ್‌ನ್ಯಾಷನಲ್ ಮತ್ತು ಟೆಕ್ ಮಹೀಂದ್ರಾ ಎಂಬ ಭಾರತೀಯ ಸಂಸ್ಥೆಗಳು ಸಂಗ್ರಹಿಸಿದ ಚಿತ್ರಗಳ ಮೂಲಕ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವೂ ರಸ್ತೆಯ ಬಿರುಕು, ಗುಂಡಿಗಳನ್ನು ದಾಖಲಿಸಲು ಲೇಸರ್ ಕಟ್ಟಿದ ಸಮೀಕ್ಷಾ ವಾಹನಗಳನ್ನು ಓಡಿಸುತ್ತದೆ.

ಇನ್ನು ತಮ್ಮ ತೋಟದ ಗಡಿ. ಇದು ತಮ್ಮೊಬ್ಬರ ಚಿಂತೆಯಲ್ಲ, ರಾಜ್ಯದ ಲಕ್ಷಾಂತರ ರೈತರದ್ದು. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಆ್ಯಪ್‌ನಲ್ಲಿ ಕಾಣುವ ಗಡಿಗೆರೆಯ ಮೂಲ ಹಳೆಯ ಗ್ರಾಮ ನಕಾಶೆ. ಅದು ಸರಪಳಿ ಹಿಡಿದು ಅಳೆದ ಕಾಲದ್ದು. 33 ಅಡಿ ಉದ್ದದ, ಹದಿನಾರು ಆಣೆಗಳಾಗಿ ಭಾಗಿಸಿದ ಆ ಸರಪಳಿಯ ಒಂದು ಚೌಕವೇ ನಾವು ಇಂದಿಗೂ ಬಳಸುವ ಗುಂಟೆ, 1089 ಚದರ ಅಡಿ. ಅಂದಿನವರು ತಮ್ಮ ಸಾಧನಗಳಿಂದ ಮಾಡಿದ ಕೆಲಸ ಬೆರಗು ಹುಟ್ಟಿಸುವಂಥದ್ದು. ಆದರೆ ಅವರಿಗೆ ಬೇಕಿದ್ದದ್ದು ಪ್ರತಿ ಜಮೀನಿನ ವಿಸ್ತೀರ್ಣ ಮತ್ತು ಅದರ ಕಂದಾಯ. ಅಕ್ಷಾಂಶ ರೇಖಾಂಶಗಳ ಲೆಕ್ಕದಲ್ಲಿ ಬಾಂದು ಕಲ್ಲು ಎಲ್ಲಿದೆ ಎಂಬ ಪ್ರಶ್ನೆ ಅವರ ಮುಂದೆ ಇರಲೇ ಇಲ್ಲ. ಗ್ರಾಮ ನಕಾಶೆಯ ಸಾಮಾನ್ಯ ಪ್ರಮಾಣ 7920ಕ್ಕೆ ಒಂದು. ಆ ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ ಸುಮಾರು ನಾಲ್ಕು ಮೀಟರ್ ಅಗಲವಾಗುತ್ತದೆ. ದಶಕಗಳ ಕಾಲ ಮಡಚಿಟ್ಟ ಕಾಗದ ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಉಪಗ್ರಹ ಚಿತ್ರದಲ್ಲಿ ಗುರುತು ಸಿಗುವ ಕೆರೆ ಏರಿ, ದಾರಿಗಳು ಕೂಡುವ ಜಾಗ, ಊರಗಡಿಯ ಮೂರು ಕೂಡುಗಲ್ಲು ಇಂಥವನ್ನು ಹಿಡಿದು ಎಳೆದು ಕೂರಿಸಿದಾಗ, ಆಯಾ ಉಪಗ್ರಹ ಚಿತ್ರದ ಸ್ವಂತ ಪಲ್ಲಟವೂ ನಕಾಶೆಗೆ ಅಂಟಿಕೊಳ್ಳುತ್ತದೆ. ಇದರ ಮೇಲೆ ತಮ್ಮ ಕೈಯಲ್ಲಿರುವ ಫೋನು ಬಯಲಿನಲ್ಲಿ ಮೂರರಿಂದ ಐದು ಮೀಟರ್, ತೆಂಗಿನ ಗರಿಗಳ ಕೆಳಗೆ ಅದಕ್ಕೂ ಹೆಚ್ಚು ತಪ್ಪು ಹೇಳುತ್ತದೆ. ತೆಂಗಿನ ಸಾಲುಗಳ ನಡುವಿನ ಅಂತರ ಸಾಮಾನ್ಯವಾಗಿ 25ರಿಂದ 30 ಅಡಿ, ಅಂದರೆ ಎಂಟು ಒಂಬತ್ತು ಮೀಟರ್. ಗಡಿ ಒಂದು ಸಾಲು ಆಚೆಗೆ ಹೋಗಿ ನಿಂತದ್ದಕ್ಕೆ ಇಷ್ಟೇ ಸಾಕು. ಅದಕ್ಕೆ ಯಾರ ಒತ್ತುವರಿಯೂ ಬೇಕಾಗಿಲ್ಲ.

ಹಳೆಯ ನಕಾಶೆಗಳ ಜೊತೆ ಇನ್ನೊಂದು ತೊಡಕೂ ಇದೆ. ನಮ್ಮ ದೇಶದ ಹಳೆಯ ಭೂಪಟಗಳು 1830ರ ಎವರೆಸ್ಟ್ ದೀರ್ಘವೃತ್ತಾಭವನ್ನು (ಭೂಮಿಯ ಆಕಾರಕ್ಕೆ ಹೊಂದಿಸಿದ, ಗಣಿತದ ಚಪ್ಪಟೆ ಗೋಳವನ್ನು) ಆಧರಿಸಿದ್ದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಆಧಾರವನ್ನು. ಒಂದೇ ಬಿಂದುವಿನ ಅಕ್ಷಾಂಶ ರೇಖಾಂಶಗಳು ಈ ಎರಡರಲ್ಲಿ ನಮ್ಮ ಕಡೆ ನೂರು ಮೀಟರಿಗೂ ಮೀರಿ ಬೇರೆಯಾಗುತ್ತವೆ. ಗಡಿ ಒಂದು ಸಾಲಿನಷ್ಟು ಸರಿದಿದ್ದರೆ ಇದು ಕಾರಣವಲ್ಲ. ಹಳೆಯ ಭೂಪಟದಿಂದ ಬರೆದುಕೊಂಡ ಅಂಕಿಗಳನ್ನು ಫೋನಿಗೆ ಹಾಕಿದಾಗ ಇಡೀ ಹೊಲವೇ ಪಕ್ಕದ ಹೊಲದಲ್ಲಿ ಕಂಡರೆ ಇದನ್ನು ಅನುಮಾನಿಸಬೇಕು.

ಹಾಗಾದರೆ ನಂಬಬೇಕಾದದ್ದು ಯಾವುದನ್ನು? ಸರ್ವೆ ನಂಬರ್ ಯಾವುದು, ಅದು ಸರ್ಕಾರಿ ಜಾಗವೋ ಖಾಸಗಿಯೋ, ಹತ್ತಿರ ರಾಜಕಾಲುವೆ ಇದೆಯೋ ಎಂದು ತಿಳಿಯಲು ಆ್ಯಪ್ ಬಹಳ ಉಪಯುಕ್ತ. ಅದಕ್ಕೆಂದೇ ಅದು ಇರುವುದು. ಬೇಲಿ ಎಲ್ಲಿ ಹಾಕಬೇಕು ಎಂಬುದಕ್ಕೆ ಆ್ಯಪ್ ಆಗಲಿ ಉಪಗ್ರಹ ಚಿತ್ರವಾಗಲಿ ಸಾಕ್ಷಿಯಲ್ಲ. ಅದಕ್ಕೆ ಸರ್ವೆ ಇಲಾಖೆಯ ಟಿಪ್ಪಣಿ (ಹೊಲವನ್ನು ಅಳೆದಾಗ ಬರೆದಿಟ್ಟ ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯಗಳ ದಾಖಲೆ), ನೆಲದ ಮೇಲೆ ಉಳಿದಿರುವ ಬಾಂದು ಕಲ್ಲುಗಳೇ ಆಧಾರ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಸರ್ವೆ ಇಲಾಖೆಯ ಮೋಜಿಣಿ ಎಂಬ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಿದರೆ ಸರ್ವೆಯರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು ಬಂದು ಅಳೆದು ಗುರುತು ಹಾಕುತ್ತಾರೆ. ಇತ್ತೀಚೆಗೆ ಅವರ ಕೈಗೆ ರೋವರ್ ಎಂಬ, ಸೆಂಟಿಮೀಟರಿನ ಮಟ್ಟದಲ್ಲಿ ಸ್ಥಾನ ಹೇಳುವ ಗ್ರಾಹಕ ಬರುತ್ತಿರುವುದು ಸಂತೋಷದ ಸಂಗತಿ. ಆದರೂ ಒಂದನ್ನು ಗಮನಿಸಬೇಕು: ತಾನು ನಿಂತಿರುವ ಜಾಗ ಎಲ್ಲಿದೆ ಎಂದು ರೋವರ್ ಹೇಳಬಲ್ಲುದು, ಗಡಿ ಎಲ್ಲಿದೆ ಎಂದು ಹೇಳಲಾರದು. ಗಡಿಯನ್ನು ನಿರ್ಧರಿಸುವುದು ದಾಖಲೆ. ಆದ್ದರಿಂದ ಹಳೆಯ ಕಲ್ಲುಗಳನ್ನು ಕೀಳದೆ ಉಳಿಸಿಕೊಳ್ಳುವುದು ಇಂದಿಗೂ ಅಷ್ಟೇ ಮುಖ್ಯ. ನೆರೆಯವರೊಂದಿಗೆ ಮಾತು ಬೆಳೆಸುವ ಮುನ್ನ ತಾವು ಈ ಅಳತೆಯನ್ನು ಮಾಡಿಸಬೇಕೆಂದು ಮನಃಪೂರ್ವಕವಾಗಿ ಕೋರುತ್ತೇನೆ.

ಕೊನೆಯದಾಗಿ ಪುರಸಭೆಯ ಚರಂಡಿ. ಇಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ, ಏಕೆಂದರೆ ಚರಂಡಿಗೆ ಬೇಕಾದದ್ದು ಚಿತ್ರಕ್ಕಿಂತ ಹೆಚ್ಚಾಗಿ ಎತ್ತರ. ಐನೂರಕ್ಕೆ ಒಂದರ ಇಳಿಜಾರಿನ ಚರಂಡಿ ನೂರು ಮೀಟರಿಗೆ ಇಳಿಯುವುದು ಕೇವಲ ಇಪ್ಪತ್ತು ಸೆಂಟಿಮೀಟರ್. ಜೋಡಿ ಉಪಗ್ರಹ ಚಿತ್ರಗಳಿಂದ ತೆಗೆದ ಎತ್ತರದಲ್ಲಿ, 2005ರ ಕಾರ್ಟೋಸ್ಯಾಟ್-1 ಇದಕ್ಕೆಂದೇ ಹಿಂದೆ ಮುಂದೆ ನೋಡುವ ಎರಡು ಕ್ಯಾಮೆರಾ ಹೊತ್ತಿದ್ದರೂ, ಕೆಲವು ಮೀಟರುಗಳ ಅನಿಶ್ಚಿತತೆ ಇರುತ್ತದೆ. ಒಂದು ಹೋಬಳಿಯ ಹಳ್ಳಗಳು ಯಾವ ಕೆರೆಗೆ ಹರಿಯುತ್ತವೆ ಎಂದು ತಿಳಿಯಲು ಅದು ಸಾಕು. ಬೀದಿಯ ಚರಂಡಿಯ ನೀರು ಬಲಕ್ಕೆ ಹೋಗುತ್ತದೆಯೋ ಎಡಕ್ಕೋ ಎಂದು ಹೇಳಲು ಏನೇನೂ ಸಾಲದು.

ಡ್ರೋನ್ ಇದಕ್ಕಿಂತ ಬಹಳ ಮುಂದಿದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಜಾಗಗಳನ್ನು ಅಳೆಯಲು ಅದನ್ನೇ ಆರಿಸಿದ್ದು ಸರಿಯಾದ ತೀರ್ಮಾನ. ಅಲ್ಲಿ ಡ್ರೋನ್ ಹಾರಿಸುವ ಮುನ್ನ ಮನೆಗಳ ಗಡಿಗೆ ಸುಣ್ಣದ ಗೆರೆ ಹಾಕಿಸುವ ಕ್ರಮವಿದೆ. ಮೇಲಿನಿಂದ ಸೂರು ಕಾಣುತ್ತದೆಯೇ ಹೊರತು ಜಾಗದ ಗಡಿ ಕಾಣುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಪಟ್ಟಣಗಳ ಭೂದಾಖಲೆಗಾಗಿ 2025ರ ಫೆಬ್ರವರಿಯಲ್ಲಿ 152 ನಗರ ಸ್ಥಳೀಯ ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ನಕ್ಷಾ ಕಾರ್ಯಕ್ರಮವೂ ಆಕಾಶದಿಂದಲೇ ಆರಂಭವಾಗಿ ನೆಲದ ಪರಿಶೀಲನೆಯಿಂದ ಪೂರ್ಣವಾಗುತ್ತದೆ. ತಮ್ಮ ಪುರಸಭೆಯೂ ಆ ಪಟ್ಟಿಯಲ್ಲಿದ್ದರೆ ಮನೆ, ನಿವೇಶನಗಳ ನಕ್ಷೆಗೆ ಪ್ರತ್ಯೇಕವಾಗಿ ಹಣ ಸುರಿಯಬೇಕಾಗಿಲ್ಲ. ಮೊದಲು ಅದನ್ನು ವಿಚಾರಿಸಿ.

ಚರಂಡಿಗೆ ನನ್ನ ಸಲಹೆ ಹೀಗಿದೆ. ಕಾರು ಹೋಗಬಲ್ಲ ರಸ್ತೆಗಳಲ್ಲಿ ಮೊಬೈಲ್ ಮ್ಯಾಪಿಂಗ್ ಮಾಡಿಸಿ. ಚರಂಡಿಯ ಅಂಚು, ರಸ್ತೆಯ ಉಬ್ಬು, ಮನೆಗಳ ಹೊಸ್ತಿಲಿನ ಎತ್ತರ, ವಿದ್ಯುತ್ ಕಂಬ, ಮರದ ಬುಡ ಎಲ್ಲವೂ ಒಂದೇ ಸಲಕ್ಕೆ ಸಿಗುತ್ತವೆ. ಕಾರು ಹೋಗಲಾರದ ಗಲ್ಲಿಗಳಿಗೆ ಬೆನ್ನಿಗೆ ಕಟ್ಟಿಕೊಂಡು ನಡೆಯುವ ಲೇಸರ್ ಮಾಪಕಗಳಿವೆ, ಇಲ್ಲವಾದರೆ ಟೋಟಲ್ ಸ್ಟೇಷನ್ ಸಾಕು. ಕಲ್ಲುಚಪ್ಪಡಿ ಮುಚ್ಚಿದ ಚರಂಡಿಯ ತಳವನ್ನು ಲೇಸರ್ ಕಾಣಲಾರದು. ಅಲ್ಲಿ ಚಪ್ಪಡಿ ಎತ್ತಿ ಅಳೆಯುವ ಕೆಲಸವನ್ನು ಮನುಷ್ಯರೇ ಮಾಡಬೇಕು, ಟೆಂಡರಿನಲ್ಲಿ ಅದಕ್ಕೆ ಬೇರೆಯೇ ಬಾಬ್ತು ಇರಬೇಕು. ಇಡೀ ಪಟ್ಟಣದ ಜಲಾನಯನ ಪ್ರದೇಶಕ್ಕೆ, ಅಂದರೆ ಮಳೆನೀರು ಎಲ್ಲಿಂದ ಊರೊಳಗೆ ಬರುತ್ತದೆ ಎಂಬುದಕ್ಕೆ, ಉಪಗ್ರಹದ ಎತ್ತರದ ಮಾದರಿಯೂ ಹಳೆಯ ಚಿತ್ರಗಳೂ ಸಾಕು. ಬೆಂಗಳೂರಿನಲ್ಲಿರುವ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವನ್ನು ಪುರಸಭೆಯವರು ಅದಕ್ಕಾಗಿ ಸಂಪರ್ಕಿಸಬಹುದು.

ಎತ್ತರದ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಜಿಪಿಎಸ್ ಹೇಳುವ ಎತ್ತರ ಗಣಿತದ ದೀರ್ಘವೃತ್ತಾಭದಿಂದ ಅಳೆದದ್ದು, ಸಮುದ್ರಮಟ್ಟದಿಂದಲ್ಲ. ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕೆಯ ದಕ್ಷಿಣಕ್ಕೆ, ಭೂಮಿಯ ಗುರುತ್ವದಿಂದ ರೂಪುಗೊಳ್ಳುವ ಸಮುದ್ರಮಟ್ಟ ಜಗತ್ತಿನಲ್ಲೇ ಅತಿ ಹೆಚ್ಚು ತಗ್ಗಿರುವ ಪ್ರದೇಶವಿದೆ. ಅದರ ಪ್ರಭಾವದಿಂದ ದಕ್ಷಿಣ ಕರ್ನಾಟಕದಲ್ಲಿ ಈ ಎರಡು ಎತ್ತರಗಳ ನಡುವೆ 80 ಮೀಟರಿಗೂ ಹೆಚ್ಚಿನ ವ್ಯತ್ಯಾಸವಿದೆ. ಇದು ಎಲ್ಲೆಡೆ ಒಂದೇ ಪ್ರಮಾಣದಲ್ಲಿದ್ದರೆ ತೊಂದರೆಯಿರಲಿಲ್ಲ. ಜಾಗದಿಂದ ಜಾಗಕ್ಕೆ ನಿಧಾನವಾಗಿ ಬದಲಾಗುತ್ತದೆ. ಹಾಗಾಗಿ ನೀರು ಹರಿಯುವ ದಿಕ್ಕನ್ನು ನಿರ್ಧರಿಸುವ ಯಾವ ನಕ್ಷೆಯಲ್ಲೂ ಎತ್ತರ ಯಾವ ಆಧಾರದಿಂದ ಅಳೆದದ್ದು ಎಂದು ಬರೆದಿರಬೇಕು, ಊರಿನಲ್ಲಿರುವ, ಸಮುದ್ರಮಟ್ಟದಿಂದ ಎತ್ತರ ಅಳೆದು ಗುರುತಿಸಿದ ಸರ್ವೇಕ್ಷಣಾ ಇಲಾಖೆಯ ಬೆಂಚ್‌ಮಾರ್ಕಿಗೆ ಅದನ್ನು ಜೋಡಿಸಿರಬೇಕು.

ಪುರಸಭೆಯವರು ಟೆಂಡರ್ ಬರೆಯುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಲೇಸರ್ ಸೆಕೆಂಡಿಗೆ ಎಷ್ಟು ಬಿಂದು ಎಂದು ಕೇಳುವುದಕ್ಕಿಂತ ಮುಖ್ಯವಾದ ಒಂದು ಷರತ್ತಿದೆ. ಕೆಲಸ ವಹಿಸಿಕೊಂಡವರಿಗೆ ಮೊದಲೇ ತಿಳಿಸದ ಪರೀಕ್ಷಾ ಬಿಂದುಗಳನ್ನು ಪಟ್ಟಣದ ಎಲ್ಲ ಭಾಗಗಳಲ್ಲಿ, ಅದರಲ್ಲೂ ಇಕ್ಕಟ್ಟಿನ ಹಳೆಯ ಪೇಟೆಯಲ್ಲಿಯೂ ಮರಗಳ ಕೆಳಗೂ, ಬೇರೊಬ್ಬರಿಂದ ಅಳೆಯಿಸಿಟ್ಟುಕೊಳ್ಳಬೇಕು. ನಕ್ಷೆ ಬಂದ ಮೇಲೆ ಅವುಗಳೊಂದಿಗೆ ತಾಳೆ ನೋಡಿ, ವ್ಯತ್ಯಾಸ ಒಪ್ಪಿದ ಮಿತಿಯೊಳಗಿದ್ದರೆ ಮಾತ್ರ ಹಣ ಪಾವತಿಸಬೇಕು. ಮುಖ ಮತ್ತು ವಾಹನಗಳ ನಂಬರ್ ಫಲಕಗಳನ್ನು ಮಸುಕುಗೊಳಿಸಿದ ಚಿತ್ರಗಳೊಂದಿಗೆ ಪಾಯಿಂಟ್ ಕ್ಲೌಡ್, ಕಾರು ಸಾಗಿದ ಪಥದ ದಾಖಲೆ ಇವೆಲ್ಲ ಪುರಸಭೆಯ ಸ್ವತ್ತಾಗಿ ಉಳಿಯಬೇಕು. ಮುಂದಿನ ಸಲದ ಸಮೀಕ್ಷೆಯನ್ನು ಹೋಲಿಸಲು ಅವೇ ಬೇಕಾಗುತ್ತವೆ. ಸಮೀಕ್ಷೆಯನ್ನು ಫೆಬ್ರವರಿಯಿಂದ ಏಪ್ರಿಲ್ ಮೊದಲ ಭಾಗದೊಳಗೆ, ಚರಂಡಿಗಳ ಹೂಳು ತೆಗೆಸಿದ ಕೂಡಲೇ, ಸಂತೆಯಿಲ್ಲದ ದಿನ ಬೆಳಗಿನ ಹೊತ್ತು ಮಾಡಿಸಿದರೆ, ನಿಂತ ವಾಹನಗಳು ಮತ್ತು ನಿಂತ ನೀರು ಮರೆಮಾಡುವ ಜಾಗ ತೀರ ಕಡಿಮೆಯಾಗುತ್ತದೆ.